ಆಲ್ಬರ್ಟ್ ಲುತುಲಿಯವರೂ ವರ್ಣಭೇದದ ಶಾಸನಗಳೂ



ಹುಟ್ಟಿನಿಂದಲೇ ಮನುಷ್ಯನ ಯೋಗ್ಯತೆಯನ್ನು ಅಳೆಯುವ ಪದ್ಧತಿಯು ಹಲವು ದೇಶಗಳಲ್ಲಿ ರೂಢಿಯಾಗಿ ನಡೆದುಬಂದುದುಂಟು. ದಕ್ಷಿಣ ಆಫ್ರಿಕಾದಲ್ಲಿಯಾದರೋ ಮೈಬಣ್ಣದ ತಾರತಮ್ಯವು ರೂಢಿಯಾಗಿ ಮಾತ್ರ ಉಳಿಯದೆ ರಾಜ್ಯದ ಶಾಸನವಾಗಿಯೇ ನೆಲೆಗೊಂಡಿತು. 1913ರ ಭೂಶಾಸನವು ದೇಶದ ಬಹುಸಂಖ್ಯಾತರಾದ ಆಫ್ರಿಕನ್ನರಿಗೆ ನೂರರಲ್ಲಿ ಏಳು ಭಾಗದಷ್ಟು ನೆಲವನ್ನು ಗೊತ್ತುಮಾಡಿತು. 1936ರಲ್ಲಿ ಆ ಪಾಲನ್ನು ಹದಿಮೂರರವರೆಗೆ ಏರಿಸಬಹುದೆಂದು ವಿಧಿಸಲಾಯಿತು. 1948ರಲ್ಲಿ ಅಧಿಕಾರಕ್ಕೆ ಬಂದ ನ್ಯಾಷನಲ್ ಪಕ್ಷದವರು 'ಅಪಾರ್ತೈಡ್', ಎಂದರೆ ಬೇರೆಬೇರೆಯಾಗಿರಿಸುವಿಕೆ, ಎಂಬುದನ್ನೇ ರಾಜನೀತಿಯೆಂದು ಸಾರಿದರು. ಯಾರು ಯಾವ ವರ್ಣದವರೆಂದು ದಾಖಲೆ ಬರೆಯುವುದಕ್ಕೊಂದು, ಯಾವ ವರ್ಣದವರು ಯಾವ ಕೇರಿಯಲ್ಲಿ ವಾಸಿಸತಕ್ಕದ್ದೆಂಬುದಕ್ಕೊಂದು, ಹೀಗೆ 1950ನೆಯ ಒಂದೇ ವರ್ಷದಲ್ಲಿ ಎರಡು ಶಾಸನಗಳು ಹೊರಟವು. ರಹದಾರಿ ಪತ್ರವನ್ನು ಜೇಬಿನಲ್ಲಿಟ್ಟುಕೊಳ್ಳದ ಆಫ್ರಿಕನ್ ಗಂಡಸು ತನ್ನ ದೇಶದ ನಗರದಲ್ಲಿಯೇ ಅಪರಾಧಿಯೆನಿಸುತ್ತಿದ್ದನು.

ಇಂತಹ ರಾಜ್ಯದಲ್ಲಿ, ಅದೇ ಸರಕಾರದ ಸಂಬಳವನ್ನು ಪಡೆಯುತ್ತಿದ್ದವರೊಬ್ಬರು ಅದರ ಶಾಸನಗಳಿಗೆ ಎದುರಾಗಿ ನಿಂತರು. ಅವರೇ ಆಲ್ಬರ್ಟ್ ಲುತುಲಿಯವರು. ಸುಮಾರು 1898ರಲ್ಲಿ ರೊಡೀಷಿಯದಲ್ಲಿ ಜನಿಸಿದ ಇವರ ಮನೆತನದ ಊರು ನೇಟಾಲ್ ಪ್ರಾಂತದ ಗ್ರೌಟ್‌ವಿಲ್. ಜುಲೂ ಕುಲದ ಕ್ರೈಸ್ತರು ನೆಲೆಸಿದ್ದ, ಕಬ್ಬಿನ ಗದ್ದೆಗಳ ಊರದು. ಆಡಮ್ಸ್ ಕಾಲೇಜಿನಲ್ಲಿ ಉಪಾಧ್ಯಾಯರಾಗಿ ನೆಮ್ಮದಿಯಿಂದಿದ್ದ ಇವರನ್ನು ಊರ ಜನರೇ ಆರಿಸಿ ತಮ್ಮ ಕುಲನಾಯಕರಾಗಬೇಕೆಂದು ಕೇಳಿಕೊಂಡರು. ಇದು ವಂಶಪಾರಂಪರ್ಯದ ಗೌಡಿಕೆಯಲ್ಲವೆಂಬುದನ್ನು ಮರೆಯಲಾಗದು. ಉಪಾಧ್ಯಾಯ ವೃತ್ತಿಗಿಂತ ಇದರ ಸಂಬಳವೂ ಕಡಿಮೆ. ಬಹುಕಾಲ ಯೋಚಿಸಿ, 1936ರ ಆದಿಭಾಗದಲ್ಲಿ ಅವರು ಆ ಸ್ಥಾನವನ್ನು ವಹಿಸಿಕೊಂಡರು, ವ್ಯಾಜ್ಯಗಳನ್ನು ತೀರಿಸಿದರು, ಕಬ್ಬು ಬೆಳೆಯುವ ಸಣ್ಣ ಒಕ್ಕಲಿಗರ ಸಂಘವನ್ನು ಕಟ್ಟಿದರು. ತುಂಡು ಹೊಲದಿಂದ ಮನೆಮಂದಿಯ ಹೊಟ್ಟೆ ತುಂಬದಿರುವುದಕ್ಕೆ ಜನರ ಸೋಮಾರಿತನವು ಕಾರಣವಲ್ಲ, ನೆಲವನ್ನು ಹಂಚಿದ ಶಾಸನವೇ ಕಾರಣವೆಂಬುದು ಅವರಿಗೆ ತಿಳಿದುದು ಪುಸ್ತಕದಿಂದಲ್ಲ, ಊರಿನ ಈ ಕೆಲಸದಿಂದಲೇ.

1952ನೆಯ ಇಸವಿ ಜೂನ್ 26ರಂದು ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸೂ ಭಾರತೀಯರ ಕಾಂಗ್ರೆಸ್ಸೂ ಕೂಡಿ ಶಾಸನಭಂಗದ ಚಳವಳಿಯನ್ನು ಆರಂಭಿಸಿದವು. ಮೂರೇ ವರ್ಷಗಳ ಹಿಂದೆ ಡರ್ಬನ್ನಿನಲ್ಲಿ ಈ ಎರಡು ಜನಾಂಗಗಳ ನಡುವೆ ದೊಂಬಿಯೆದ್ದು ನೂರಕ್ಕೂ ಮಿಕ್ಕಿ ಜನರು ಸತ್ತಿದ್ದರೆಂಬುದನ್ನು ನೆನೆದರೆ, ಈ ಕೂಡುವಿಕೆಯು ಎಷ್ಟು ದುಸ್ತರವಾದುದೆಂದು ತಿಳಿಯುವುದು. ಬಿಳಿಯರಿಗೆಂದು ಮೀಸಲಾದ ಬಾಗಿಲುಗಳನ್ನು ಹೊಕ್ಕು, ರಹದಾರಿಯಿಲ್ಲದೆ ಸಂಚರಿಸಿ, ಕೈಯೆತ್ತದೆ ಸೆರೆಗೆ ಹೋದವರು ಎಂಟು ಸಾವಿರಕ್ಕೂ ಹೆಚ್ಚು ಮಂದಿ. ಆಗ ನೇಟಾಲಿನ ಕಾಂಗ್ರೆಸ್ಸಿಗೆ ಲುತುಲಿಯವರೇ ಅಧ್ಯಕ್ಷರು.

ಸರಕಾರವು ಅವರನ್ನು ಪ್ರಿಟೋರಿಯಕ್ಕೆ ಕರೆಯಿಸಿತು. ಶಾಸನವನ್ನು ಕಾಯತಕ್ಕ ನಾಯಕನೇ ಶಾಸನಭಂಗಕ್ಕೆ ಪ್ರೇರಿಸುವುದು ಹೇಗೆ? ಕಾಂಗ್ರೆಸ್ಸನ್ನು ಬಿಡಬೇಕು, ಇಲ್ಲವೆ ನಾಯಕತ್ವವನ್ನು ಬಿಡಬೇಕು ಎಂಬುದೇ ಅಧಿಕಾರಿಗಳ ವಾದ. ಈ ಪ್ರಶ್ನೆಯಲ್ಲಿ ಹುರುಳಿಲ್ಲವೆಂದು ತಳ್ಳಿಹಾಕಲಾಗದು. ಎರಡು ದೋಣಿಯಲ್ಲಿ ಕಾಲಿಟ್ಟವನೆಂದು ಯಾರಾದರೂ ಅವರನ್ನು ಆಕ್ಷೇಪಿಸಬಹುದಾಗಿತ್ತು. ಲುತುಲಿಯವರ ಎಣಿಕೆಯು ಬೇರೆ. ತಾವು ಮೊದಲು ಜನರ ನಾಯಕರು, ಬಳಿಕವಷ್ಟೇ ಸರಕಾರದ ನೌಕರರು; ಜನರನ್ನು ಹೀನೈಸುವ ಶಾಸನವನ್ನು ಎದುರಿಸುವುದು ನಾಯಕನ ಧರ್ಮಕ್ಕೆ ಹೊರಗಲ್ಲವೆಂದು ಅವರು ನಿಂತರು. ಕಾಂಗ್ರೆಸ್ಸನ್ನೂ ಬಿಡಲಿಲ್ಲ, ನಾಯಕತ್ವಕ್ಕೆ ರಾಜೀನಾಮೆಯನ್ನೂ ಕೊಡಲಿಲ್ಲ. ನವೆಂಬರಿನಲ್ಲಿ ಸರಕಾರವೇ ಅವರನ್ನು ಪದಚ್ಯುತಗೊಳಿಸಿತು. ಆಗ ಅವರು ಪ್ರಕಟಿಸಿದ ಹೇಳಿಕೆಯಲ್ಲಿ ಕೋಪದ ಮಾತುಗಳಿಲ್ಲ. ಮೂವತ್ತು ವರ್ಷ ವಿನಯದಿಂದ ಬೇಡಿಕೊಂಡುದಕ್ಕೆ ಫಲವಾಗಿ ನಿರ್ಬಂಧಗಳು ಹೆಚ್ಚಿದವೇ ಹೊರತು ಕಡಿಮೆಯಾಗಲಿಲ್ಲವೆಂಬ ಲೆಕ್ಕವಷ್ಟೇ ಅದರಲ್ಲಿದೆ. ಡಿಸೆಂಬರಿನಲ್ಲಿ ಇಡೀ ದೇಶದ ಕಾಂಗ್ರೆಸ್ಸು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಸರಕಾರವು ಕಿತ್ತುಕೊಂಡ ಮೇಲೆಯೂ ಜನರು ಅವರನ್ನು ನಾಯಕರೆಂದೇ ಕರೆದರು.

ಅಲ್ಲಿಂದ ಮುಂದೆ ಅವರ ಬಾಳು ಬಹುಮಟ್ಟಿಗೆ ನಿರ್ಬಂಧದಲ್ಲಿಯೇ ಕಳೆಯಿತು. 1956ರಲ್ಲಿ ರಾಜದ್ರೋಹದ ಆರೋಪದ ಮೇಲೆ ಬಂಧಿತರಾದ 156 ಮಂದಿಯಲ್ಲಿ ಅವರೂ ಒಬ್ಬರು. ಮರುವರ್ಷ ಆ ಆರೋಪದಿಂದ ಬಿಡುಗಡೆಯಾದರು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್ಲಿನಲ್ಲಿ ರಹದಾರಿಯನ್ನು ವಿರೋಧಿಸಿ ನೆರೆದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದಾಗ, ಲುತುಲಿಯವರು ತಮ್ಮ ರಹದಾರಿಯನ್ನು ಬಹಿರಂಗವಾಗಿ ಸುಟ್ಟು ಸೆರೆಗೆ ಹೋದರು. 1960ನೆಯ ವರ್ಷದ ನೊಬೆಲ್ ಶಾಂತಿ ಪಾರಿತೋಷಕವನ್ನು 1961ರ ಡಿಸೆಂಬರಿನಲ್ಲಿ ಆಸ್ಲೋ ನಗರದಲ್ಲಿ ಅವರು ಸ್ವೀಕರಿಸಿದರು. ಅದನ್ನು ಪಡೆದ ಆಫ್ರಿಕನ್ನರಲ್ಲಿ ಅವರೇ ಮೊದಲಿಗರು. ಆ ಹಣದಿಂದ ಸ್ವಾಜಿಲೆಂಡಿನಲ್ಲಿ ದೇಶಭ್ರಷ್ಟರ ಆಸರೆಗೆಂದು ಹೊಲಗಳನ್ನು ಕೊಂಡರು. ಅಲ್ಲಿ ದುಡಿದವರು ಅವರ ಪತ್ನಿ ನೊಕುಖಾನ್ಯ.

ಅವರು ಆಸ್ಲೋದಿಂದ ಮರಳಿದ ಬೆನ್ನಲ್ಲಿಯೇ, ಡಿಸೆಂಬರ್ 16ರಂದು, ಸಂಗಡಿಗರಲ್ಲಿ ಕೆಲವರು ಸಿಡಿಮದ್ದಿನ ಮಾರ್ಗವನ್ನು ಹಿಡಿದರು. ಇದಕ್ಕೆ ಲುತುಲಿಯವರ ಸಮ್ಮತಿ ಎಷ್ಟಿತ್ತೆಂಬ ವಿಷಯದಲ್ಲಿ ಚರಿತ್ರಕಾರರು ಈಗಲೂ ವಾದಿಸುತ್ತಾರೆ. ತಾವು ಅಹಿಂಸೆಯನ್ನು ಬಿಡಲಿಲ್ಲವಾದರೂ, 1964ರಲ್ಲಿ ಆ ಸಂಗಡಿಗರಿಗೆ ಆಜೀವ ಸೆರೆಯಾದಾಗ ಅವರನ್ನು ದೂಷಿಸಲು ಲುತುಲಿಯವರು ಒಪ್ಪಲಿಲ್ಲ. ಆ ವೇಳೆಗೆ ಅವರ ಮಾತನ್ನು ದಕ್ಷಿಣ ಆಫ್ರಿಕಾದ ಪತ್ರಿಕೆಗಳು ಅಚ್ಚುಮಾಡುವುದೇ ನಿಷಿದ್ಧವಾಗಿದ್ದಿತು.

1967ನೆಯ ಇಸವಿ ಜುಲೈ 21ರಂದು, ಊರ ಬಳಿಯ ರೈಲು ಸೇತುವೆಯ ಮೇಲೆ ನಡೆದುಹೋಗುತ್ತಿದ್ದಾಗ ಗಾಡಿಯು ತಾಗಿ ಲುತುಲಿಯವರು ಮೃತರಾದರೆಂದು ಅಂದಿನ ವಿಚಾರಣೆಯು ತೀರ್ಮಾನಿಸಿತು. ಮನೆಯವರು ಅದನ್ನು ನಂಬಲಿಲ್ಲ. ನೊಕುಖಾನ್ಯರು 1996ರವರೆಗೆ ಬದುಕಿದ್ದು, 1994ರಲ್ಲಿ ಸರ್ವವರ್ಣದವರೂ ಮತ ನೀಡಿದ ಮೊದಲ ಚುನಾವಣೆಯನ್ನು ಕಂಡರು. ಪತಿಯ ಮರಣದ ಸತ್ಯವು ಹೊರಬಂದುದನ್ನು ಮಾತ್ರ ಕಾಣಲಿಲ್ಲ. 2025ರಲ್ಲಿ ಪುನರ್ವಿಚಾರಣೆ ನಡೆಸಿದ ಪೀಟರ್‌ಮಾರಿಟ್ಸ್‌ಬರ್ಗಿನ ಉಚ್ಚ ನ್ಯಾಯಾಲಯವು ಹಿಂದಿನ ತೀರ್ಮಾನವನ್ನು ರದ್ದುಪಡಿಸಿ, ಹಲ್ಲೆಯಿಂದ ತಲೆಬುರುಡೆಯು ಒಡೆದುದೇ ಅವರ ಸಾವಿಗೆ ಕಾರಣವೆಂದು ತೀರ್ಪಿತ್ತಿತು.