ಭಂಡಾರಿಯ ಲೆಕ್ಕ ನೋಡುವವರು ಯಾರು?

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

'ಕಾಯಕ ಮತ್ತು ಆಡಳಿತ' ಎಂಬ ವಿಷಯ ಕೊಟ್ಟಿದ್ದೀರಿ. ಕಾಯಕದ ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿ ಬಹಳ ಜನ ಇದ್ದೀರಿ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಇಂಜಿನಿಯರ್ ಆಗಿದ್ದ ನನಗೆ ಗೊತ್ತಿರುವುದು ಅಳತೆ. ಅದರಿಂದಲೇ ಶುರುಮಾಡುತ್ತೇನೆ, ಅದೂ ನನ್ನದೇ ತಪ್ಪಿನಿಂದ.

ನಾನಾಗ ಸಹಾಯಕ ಇಂಜಿನಿಯರ್. ಒಂದು ಕಾಲುವೆಗೆ ಕಾಂಕ್ರೀಟ್ ಲೈನಿಂಗ್ ನಡೆದಿತ್ತು. ದಪ್ಪ 10 ಸೆಂಟಿಮೀಟರ್ ಇರಬೇಕು. ನಾಲ್ಕು ಕಡೆ ಕೊರೆಸಿ ನೋಡಿದೆ, ಎಲ್ಲೂ 7 ದಾಟಲಿಲ್ಲ. ಮಾರ್ಚ್ ತಿಂಗಳ ಕೊನೆಯ ವಾರ ಬೇರೆ. ಅಳತೆ ಪುಸ್ತಕದಲ್ಲಿ 10 ಎಂದು ಬರೆದು ಸಹಿ ಹಾಕಿಬಿಟ್ಟೆ. ಗುಣನಿಯಂತ್ರಣದವರು ಇರಲಿಲ್ಲವೇ ಎಂದು ಕೇಳಬಹುದು. ಇದ್ದರು. ಅಲ್ಲಿದ್ದವನು ನನ್ನ ಗೆಳೆಯ, ಒಂದು ರೂಪಾಯಿ ಮುಟ್ಟದ ಮನುಷ್ಯ. ಆದರೆ ಅವನ ವರ್ಗಾವಣೆ, ಅವನ ಗೋಪ್ಯ ವರದಿ ಎರಡೂ, ಬಿಲ್ಲು ಬೇಗ ಪಾಸಾಗಲಿ ಎಂದು ಕಾಯುತ್ತಿದ್ದ ಅದೇ ಮೇಲಧಿಕಾರಿಯ ಕೈಯಲ್ಲಿದ್ದವು. ಅವನೂ ಸಹಿ ಹಾಕಿದ. ಎರಡೇ ವರ್ಷದಲ್ಲಿ ಲೈನಿಂಗ್ ಬಿರಿಯಿತು, ಕಾಲುವೆಯ ಕೊನೆಯ ಹೊಲಗಳಿಗೆ ನೀರು ಹೋಗಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ಯಾರೂ ಕೇಳಲಿಲ್ಲ ಎಂಬುದೇ ಇವತ್ತಿಗೂ ಚುಚ್ಚುತ್ತದೆ.

ರಾಜ್ಯದ ಆಡಳಿತಕ್ಕೂ ಇಂಥದೊಂದು ಗುಣನಿಯಂತ್ರಣವಿದೆ. ಅದೇ ಲೋಕಾಯುಕ್ತ. 1966ರಲ್ಲಿ ಆಡಳಿತ ಸುಧಾರಣಾ ಆಯೋಗ ಈ ಸಲಹೆ ಕೊಟ್ಟಿತು. ನಮ್ಮಲ್ಲಿ 1984ರಲ್ಲಿ ಕಾಯ್ದೆಯಾಗಿ 1986ರಲ್ಲಿ ಜಾರಿಗೆ ಬಂತು. ನ್ಯಾಯಮೂರ್ತಿ ವೆಂಕಟಾಚಲ ಅವರ ಕಾಲದಲ್ಲಿ ಅದರ ಹೆಸರು ಕೇಳಿದರೆ ಸಾಕು, ನಮ್ಮ ಕಚೇರಿಯ ಕುರ್ಚಿಗಳೆಲ್ಲ ಹೊತ್ತಿಗೆ ಸರಿಯಾಗಿ ತುಂಬುತ್ತಿದ್ದವು. (ನನ್ನದೂ ಸೇರಿ.)

ಮುಂದಿನ ಮಾತು ಕೆಲವರಿಗೆ ಹಿತವಾಗಲಿಕ್ಕಿಲ್ಲ. 2011ರ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು, ಮುಖ್ಯಮಂತ್ರಿಗಳು ರಾಜೀನಾಮೆ ಕೊಟ್ಟರು. 'ನಮ್ಮವರನ್ನು ಇಳಿಸಿದರು' ಎಂದು ಆಗ ನಾವೆಲ್ಲ ನೊಂದುಕೊಂಡೆವು. ನಾನೂ ಹಾಗೆಯೇ ಮಾತಾಡಿದೆ. ವರದಿಯ ಒಂದು ಪುಟವನ್ನೂ ಓದಿರಲಿಲ್ಲ! 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಗಣಿ ಸಂಬಂಧದ ಪ್ರಕರಣದಲ್ಲಿ ಅವರನ್ನು ಖುಲಾಸೆ ಮಾಡಿತು. ಅದನ್ನೂ ಹೇಳಲೇಬೇಕು. ತಪ್ಪಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ನ್ಯಾಯಾಲಯ. ಆದರೆ ಲೆಕ್ಕ ಕೇಳಿದವರ ಮೇಲೆಯೇ ನಾವು ಸಿಟ್ಟಾದೆವಲ್ಲ, ಅದು ಯಾವ ಶರಣಧರ್ಮ?

ಕಾವಲು ಕಾಯುವ ಮನೆಯೂ ಕೆಡುತ್ತದೆ. 2015ರಲ್ಲಿ ಲೋಕಾಯುಕ್ತ ಸಂಸ್ಥೆಯ ಒಳಗಿನಿಂದಲೇ ಸುಲಿಗೆಯ ಆರೋಪ ಕೇಳಿಬಂತು. ರೋಗಕ್ಕೆ ಔಷಧ ಕೊಡುವ ಬದಲು ಸರ್ಕಾರ 2016ರ ಮಾರ್ಚ್‌ನಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಎಂಬ ಬೇರೊಂದನ್ನು ಕಟ್ಟಿ, ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಅದಕ್ಕೆ ಕೊಟ್ಟಿತು. ಆ ದಳ ಯಾರ ಅಧೀನ? ಮುಖ್ಯಮಂತ್ರಿಗಳ ಅಧೀನ. ನನ್ನ ಗೆಳೆಯನ ಗುಣನಿಯಂತ್ರಣದ ಕಥೆಯೇ ಆಯಿತು. ಆಗಿನ ವಿರೋಧ ಪಕ್ಷ ಇದನ್ನು ಟೀಕಿಸಿತು. ಅಧಿಕಾರಕ್ಕೆ ಬಂದ ಮೇಲೆ ಅದೂ ಮುಂದುವರಿಸಿತು. ಕೊನೆಗೆ ದಳ ರದ್ದಾದದ್ದು 2022ರ ಆಗಸ್ಟ್ 11ರಂದು, ಹೈಕೋರ್ಟಿನ ತೀರ್ಪಿನಿಂದ.

ಅಧಿಕಾರ ಲೋಕಾಯುಕ್ತಕ್ಕೆ ಮರಳಿದರೂ ಕೆಲಸ ಮುಗಿದಿಲ್ಲ. ಅಲ್ಲಿಯ ಪೊಲೀಸ್ ಅಧಿಕಾರಿಗಳು ನಿಯೋಜನೆಯ ಮೇಲೆ ಬಂದವರು, ಮತ್ತೆ ಮಾತೃ ಇಲಾಖೆಗೇ ಹೋಗಬೇಕು. ಇವತ್ತು ಯಾರ ಕಡತ ತೆರೆಯುತ್ತಾರೋ ನಾಳೆ ಅವರ ಕೈಕೆಳಗೇ ಕೆಲಸ ಮಾಡಬೇಕಾಗಬಹುದು. ಅಧಿಕಾರಿಗಳ ಮೇಲೆ ಮೊಕದ್ದಮೆ ನಡೆಸಲು ಸರ್ಕಾರದ ಮಂಜೂರಾತಿ ಬೇಕು. 2018ರ ತಿದ್ದುಪಡಿಯ ನಂತರ ಹಲವು ಪ್ರಕರಣಗಳಲ್ಲಿ ತನಿಖೆ ಆರಂಭಿಸುವುದಕ್ಕೂ ಅನುಮತಿ ಬೇಕು. ಲೋಕಾಯುಕ್ತಕ್ಕೆ ತನ್ನದೇ ಸಿಬ್ಬಂದಿ ಇರಲಿ, ಮಂಜೂರಾತಿಗೆ ಕಾನೂನಿನಲ್ಲಿರುವ ಕಾಲಮಿತಿ ನಿಜಕ್ಕೂ ಪಾಲನೆಯಾಗಲಿ, ಮಿತಿ ಮೀರಿದರೆ ಕಾರಣವನ್ನು ಸದನದ ಮುಂದಿಡಲಿ. ಮತ ಕೇಳಲು ಬರುವವರು ನಮ್ಮವರೇ ಆಗಿರಲಿ, ಬೇರೆಯವರೇ ಆಗಿರಲಿ, ಈ ಪ್ರಶ್ನೆ ಹಾಕಿ.

ಅಪ್ಪ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ಭಂಡಾರದ ಹಣ ಜಂಗಮರಿಗೆ ಹೋಗುತ್ತಿದೆ ಎಂದು ಕೊಂಡೆಯರು ಚಾಡಿ ಹೇಳಿದಾಗ, ದೊರೆಯ ಎದುರಿಗೇ ಲೆಕ್ಕ ಒಪ್ಪಿಸಿದರೆಂದು ಪುರಾಣಗಳು ಹೇಳುತ್ತವೆ. ನನ್ನ ಮೇಲೆ ನಂಬಿಕೆಯಿಲ್ಲವೇ ಎಂದು ಮುನಿಸಿಕೊಳ್ಳಲಿಲ್ಲ.

ನಮ್ಮ ಮಠಗಳಿಗೂ ಸರ್ಕಾರದ ಅನುದಾನ ಬರುತ್ತದೆ. ಈ ಮಠದ ದಾಸೋಹ ಭವನದ ಕಟ್ಟಡ ಸಮಿತಿಯಲ್ಲಿ ನಾನಿದ್ದೇನೆ. ಶ್ರೀಗಳ ಅಪ್ಪಣೆ ಪಡೆದು, ಅಳತೆ ಪುಸ್ತಕ ಮತ್ತು ಬಿಲ್ಲುಗಳನ್ನು ಬಾಗಿಲ ಬಳಿ ಮೇಜಿನ ಮೇಲಿಟ್ಟಿದ್ದೇನೆ. ಪ್ರಸಾದಕ್ಕೆ ಹೋಗುವ ಮುಂಚೆ ನೋಡಿ. ಗೋಡೆ ಅಳೆಯಬೇಕೆನ್ನುವವರಿಗೆ ಟೇಪೂ ಅಲ್ಲೇ ಇದೆ.