ಪ್ರಯಾಣ, ಹಳೆಯ ಗೆಳೆತನ ಮತ್ತು ಸಾಲ
(ಜುಮಾ ಖುತ್ಬಾದ ಸಾರ)

 

ಶಾಲೆಗಳಿಗೆ ರಜೆ ಬಂದಿದೆ. ಮೊಹಲ್ಲಾದಲ್ಲಿ ಮನೆಗೊಂದು ಪ್ರವಾಸದ ಮಾತು. ಪ್ರಯಾಣದ ದುಆ ಮತ್ತು ಕಸ್ರ್ ನಮಾಝಿನ ಕುರಿತು ಕಳೆದ ವಾರ ಹೇಳಿದ್ದೆವು. ಈ ವಾರವೂ ಪ್ರಯಾಣದ ಮಾತೇ, ಆದರೆ ಅದರ ಇನ್ನೊಂದು ಮಗ್ಗುಲು.

ಅಬ್ದುಲ್ಲಾ ಇಬ್ನು ಉಮರ್(ರ) ಮಕ್ಕಾಕ್ಕೆ ಹೋಗುವಾಗ ಒಂಟೆಯ ಜೊತೆ ಒಂದು ಕತ್ತೆಯನ್ನೂ ಕರೆದೊಯ್ಯುತ್ತಿದ್ದರು. ಒಂಟೆಯ ಸವಾರಿಯಿಂದ ದಣಿದಾಗ ಕತ್ತೆಯ ಮೇಲೆ ಕುಳಿತುಕೊಳ್ಳುತ್ತಿದ್ದರು. ತಲೆಗೆ ಕಟ್ಟಿಕೊಳ್ಳಲು ಒಂದು ಮುಂಡಾಸಿತ್ತು. ಒಮ್ಮೆ ದಾರಿಯಲ್ಲಿ ಒಬ್ಬ ಹಳ್ಳಿಗ ಎದುರಾದ. ಅವನು ಇಂಥವರ ಮಗನೇ ಎಂದು ವಿಚಾರಿಸಿಕೊಂಡ ಇಬ್ನು ಉಮರ್(ರ), ಹೌದೆಂದು ತಿಳಿದ ಕೂಡಲೇ ಕತ್ತೆಯನ್ನು ಅವನಿಗೆ ಕೊಟ್ಟರು, ಮುಂಡಾಸನ್ನೂ ಬಿಚ್ಚಿಕೊಟ್ಟರು. ಜೊತೆಗಿದ್ದವರಿಗೆ ಆಶ್ಚರ್ಯ. ಹಳ್ಳಿಯವರಿಗೆ ಸ್ವಲ್ಪ ಕೊಟ್ಟರೂ ಸಾಕಾಗುತ್ತಿತ್ತಲ್ಲ ಎಂದರು. ಆತನ ತಂದೆ ತಮ್ಮ ತಂದೆ ಉಮರ್(ರ)ರ ಗೆಳೆಯರಾಗಿದ್ದರೆಂದೂ, ತಂದೆಯ ಗೆಳೆಯರ ಮನೆಯವರೊಡನೆ ಸಂಬಂಧ ಉಳಿಸಿಕೊಳ್ಳುವುದು ಅತ್ಯುತ್ತಮ ಪುಣ್ಯಗಳಲ್ಲಿ ಒಂದೆಂದು ಪ್ರವಾದಿ(ಸ)ರಿಂದ ಕೇಳಿದ್ದೇನೆಂದೂ ಅವರು ಉತ್ತರಿಸಿದರು. ಇದು ಸಹೀಹ್ ಮುಸ್ಲಿಮ್‌ನಲ್ಲಿದೆ. ತಂದೆಯ ಗೆಳೆಯನ ಮಗನಿಗೇ ಇಷ್ಟು ಹಕ್ಕಿದ್ದರೆ, ನಮ್ಮದೇ ಗೆಳೆಯನಿಗೆ ಎಷ್ಟಿರಬೇಕು?

ಕಳೆದ ರಜೆಯಲ್ಲಿ ಮಕ್ಕಳಿಗೆ ಗೋಲಗುಮ್ಮಟ ತೋರಿಸೋಣವೆಂದು ಕುಟುಂಬ ಸಮೇತ ದಾವಣಗೆರೆಯಿಂದ ಹೊರಟೆವು. ಹೊಸಪೇಟೆ ದಾಟಿ ವಿಜಯಪುರದ ಹೆದ್ದಾರಿ ಹಿಡಿದರೆ ಕುಷ್ಟಗಿ, ಆಮೇಲೆ ಇಳಕಲ್. ಮದ್ರಸದಲ್ಲಿ ನಮ್ಮ ಜೊತೆ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯರೊಬ್ಬರು ಇಳಕಲ್‌ನವರು. ಓದು ಮುಗಿಯುವ ಮೊದಲೇ ಅವರ ತಂದೆ ತೀರಿಕೊಂಡರು. ಗೆಳೆಯರು ಊರಿಗೆ ಮರಳಿ ಮಗ್ಗಕ್ಕೆ ಕುಳಿತರು. ಕೆಲವು ವರ್ಷಗಳಿಂದ ಅವರ ಹಳೆಯ ಫೋನ್ ನಂಬರು ಕೆಲಸ ಮಾಡುತ್ತಿರಲಿಲ್ಲ. ಬೇರೆಯವರನ್ನು ಕೇಳಿ ಓಣಿಯ ಹೆಸರಷ್ಟೇ ಸಿಕ್ಕಿತ್ತು. ಹೊತ್ತಾಯಿತೆಂದು ದೊಡ್ಡ ಮಗ ಗೊಣಗಿದ. ಅವನ ತಾಯಿ, “ಇಷ್ಟು ಹತ್ತಿರ ಬಂದು ಹಾಗೇ ಹೋಗೋದಾ?” ಎಂದರು. ಗಾಡಿ ಓಣಿಗೆ ತಿರುಗಿತು.

ಹತ್ತೊಂಬತ್ತು ವರ್ಷಗಳ ಮೇಲೆ ನಮ್ಮನ್ನು ನೋಡಿದ ಗೆಳೆಯರು ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ, “ಮೌಲಾನಾ ಸಾಹೇಬ್ರು ಬಂದ್ರಲ್ಲ, ಬರ್ರಿ, ಒಳಗ ಬರ್ರಿ” ಎಂದರು. ಹಾಸ್ಟೆಲಿನಲ್ಲಿ ನಮ್ಮನ್ನು ‘ಏ’ ಎಂದೇ ಕರೆಯುತ್ತಿದ್ದವರ ಬಾಯಲ್ಲಿ ಈ ಗೌರವದ ಮಾತು ಕೇಳಿ ನಮಗೆ ಸಂಕಟವಾಯಿತು. ಚಹಾ ಬಂತು, ಮಕ್ಕಳಿಗೆ ಮಗ್ಗ ತೋರಿಸಿದರು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಗೊಣಗುತ್ತಿದ್ದ ಮಗನೇ ಅಲ್ಲಿಂದ ಏಳಲು ಒಪ್ಪಲಿಲ್ಲ.

ಮಗ್‌ರಿಬ್‌ಗೆ ಮನೆಯಲ್ಲೇ ಜಮಾಅತ್ ಮಾಡಿದೆವು. ನೀವೇ ಇಮಾಮತ್ ಮಾಡಬೇಕೆಂದು ಅವರು ಹಿಂದೆ ಸರಿದರು. ಒಬ್ಬನ ಮನೆಯಲ್ಲಿ ಮುಂದೆ ನಿಲ್ಲುವ ಹಕ್ಕು ಮನೆಯವನದೇ, ಅವನ ಅನುಮತಿಯಿಲ್ಲದೆ ಅತಿಥಿ ಮುಂದಾಗಬಾರದೆಂದು ಹದೀಸ್ ಇದೆ. ನಾವು ಅದನ್ನು ನೆನಪಿಸಿ ಅವರನ್ನೇ ಮುಂದೆ ನಿಲ್ಲಿಸಿದೆವು. ಅವರು ಅದ್ದುಹಾ ಸೂರಃ ಓದಿದರು. ನಮ್ಮ ತರಗತಿಯಲ್ಲಿ ಅವರಷ್ಟು ಚೆನ್ನಾಗಿ ಕಿರಾಅತ್ ಮಾಡುವವರು ಇರಲಿಲ್ಲ. ಸ್ವರ ಇನ್ನೂ ಹಾಗೇ ಇತ್ತು.

ನಮಾಝಿನ ನಂತರವೇ ಅವರು ಮನಸ್ಸು ಬಿಚ್ಚಿದ್ದು. 2020ರಲ್ಲಿ ಮಗ್ಗ ನಿಂತಾಗ ನಮ್ಮ ಇನ್ನೊಬ್ಬ ಸಹಪಾಠಿಯಿಂದ ನಲವತ್ತು ಸಾವಿರ ಸಾಲ ಪಡೆದಿದ್ದರು. ತೀರಿಸಲಾಗಲಿಲ್ಲ. ನಾಚಿಕೆಯಿಂದ ನಂಬರು ಬದಲಿಸಿದರು, ಮದ್ರಸದ ಜಲ್ಸಾಗಳಿಗೆ ಹೋಗುವುದು ಬಿಟ್ಟರು. ಸಾಲ ಒಬ್ಬರದು, ಆದರೆ ದೂರವಾದದ್ದು ಎಲ್ಲ ಗೆಳೆಯರಿಂದ. (ಈ ಮಾತನ್ನು ಇಲ್ಲಿ ಹೇಳಲು ಅವರಿಬ್ಬರ ಅನುಮತಿ ಪಡೆದಿದ್ದೇವೆ.)

ಅವರನ್ನು ಕೇಳಿಕೊಂಡೇ ಸಾಲ ಕೊಟ್ಟವರಿಗೆ ಫೋನ್ ಮಾಡಿದೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಅವನಿಗೆ ಮಕ್ಕಳೆಷ್ಟು?” ಎಂದು ಕೇಳಿದರು. ಹಣದ ಮಾತು ಬಂದದ್ದು ಬಹಳ ತಡವಾಗಿ, ಅದನ್ನು ಎತ್ತಿದವರೂ ಸಾಲಗಾರರೇ. ಮನ್ನಾ ಮಾಡುತ್ತೇನೆಂದರೆ ಇವರು ಒಪ್ಪಲಿಲ್ಲ. “ಮಾಫಿ ಬ್ಯಾಡ, ಮುದ್ದತ್ತು ಕೊಟ್ರ ಸಾಕು” ಎಂದರು. ತಿಂಗಳಿಗೆ ಒಂದು ಸಾವಿರದಂತೆ ಮಾತಾಯಿತು. ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು, ನಾವೂ ನಮ್ಮ ದೊಡ್ಡ ಮಗನೂ ಸಾಕ್ಷಿ ಹಾಕಿದೆವು.

ಸಹೋದರರೇ, ಅಲ್‌ಬಕರ ಸೂರಃದ 280ನೆಯ ಆಯತ್ ತೆಗೆದು ನೋಡಿ. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಅವಕಾಶ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂಬುದು ಅದರ ಆಶಯ. 282ನೆಯ ಆಯತ್ ಕುರ್‌ಆನಿನಲ್ಲೇ ಅತಿ ದೀರ್ಘವಾದದ್ದು. ಸಾಲವನ್ನು ಬರೆದಿಡಿ, ಸಾಕ್ಷಿ ಇಟ್ಟುಕೊಳ್ಳಿ ಎಂದು ಅದರಲ್ಲಿದೆ. ಗೆಳೆಯರ ನಡುವೆ ಬರೆದುಕೊಳ್ಳುವುದು ಅಪನಂಬಿಕೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ನಮಗಂತೂ ಬರೆಯದ ಸಾಲದಿಂದಲೇ ಗೆಳೆತನ ಹೆಚ್ಚು ಕೆಡುತ್ತದೆ ಎನಿಸುತ್ತದೆ. ಎಷ್ಟು, ಯಾವಾಗ ಎಂಬುದು ಹಾಳೆಯ ಮೇಲಿದ್ದರೆ ಸಾಲಗಾರ ಮುಖ ತಪ್ಪಿಸಿಕೊಂಡು ತಿರುಗಬೇಕಿಲ್ಲ.

ಅಂದು ರಾತ್ರಿ ಅಲ್ಲೇ ಉಳಿದೆವು. ಗೋಲಗುಮ್ಮಟ 1656ರಿಂದ ನಿಂತಿದೆ, ಇನ್ನೊಂದು ದಿನ ಕಾಯದೇ ಇರುತ್ತದೆಯೇ!

ರಜೆಗೆ ಹೊರಡುವವರು ದಾರಿಯಲ್ಲಿ ಯಾವ ಊರು ಬರುತ್ತದೆ, ಅಲ್ಲಿ ಯಾರಿದ್ದಾರೆಂದು ಮನೆಯ ಹಿರಿಯರನ್ನೂ ಒಮ್ಮೆ ಕೇಳಿ. ತಂದೆಯವರ ಗೆಳೆಯರು ಇದ್ದರೆ ಹೋಗಿ ಸಲಾಮ್ ಹೇಳಿ ಬನ್ನಿ. ಆದರೆ ನಂಬರು ಇದ್ದರೆ ಮೊದಲೇ ತಿಳಿಸಿ. ಊಟದ ಹೊತ್ತಿಗೆ ಹತ್ತು ಜನ ಇಳಿದರೆ ಬಡವರ ಮನೆಯಲ್ಲಿ ಹೆಂಗಸರ ಪಾಡು ಏನಾದೀತು? ಆತಿಥ್ಯ ಮೂರು ದಿನವೆಂದು ಕಲಿಸಿದ ಪ್ರವಾದಿ(ಸ)ರೇ, ಆತಿಥೇಯನಿಗೆ ಹೊರೆಯಾಗುವಷ್ಟು ಉಳಿಯಬಾರದೆಂದೂ ಕಲಿಸಿದ್ದಾರೆ.

ಇನ್ನೊಂದು ಮಾತು. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಸಿಲುಕಿದವರೂ ಇದ್ದಾರೆ. ನಮ್ಮ ಜಮಾಅತಿನಲ್ಲೂ ಸಾಲದ ಕಾರಣಕ್ಕೆ ಜುಮಾ ಮುಗಿದ ಕೂಡಲೇ ಹಿಂದಿನ ಬಾಗಿಲಿನಿಂದ ಹೊರಟುಹೋಗುವವರು ಇದ್ದಾರೆಂದು ನಮಗೆ ಗೊತ್ತು. ಅಂಥವರು ಕಮಿಟಿಯ ಎದುರು ನಿಲ್ಲಬೇಕಾಗಿಲ್ಲ. ಇಶಾ ನಮಾಝಿನ ನಂತರ ನಾವು ಹುಜ್ರಾದಲ್ಲಿ ಇರುತ್ತೇವೆ, ಬನ್ನಿ. ಹೆಸರು ಹೊರಗೆ ಹೋಗುವುದಿಲ್ಲ. ಸಾಲ ಕೊಟ್ಟವರೂ ಬರಬಹುದು.