ಗಾಲಿಗಳ ಮೇಲೊಂದು ಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಮನೆ ಎಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ತಳಪಾಯ, ಗೋಡೆ, ಹೊಸ್ತಿಲು. ಮನೆ ನಿಂತಲ್ಲೇ ನಿಂತಿರುತ್ತದೆ. ಹೋಗಿ ಬರುವವರು ನಾವು. ಆದರೆ ತಳಪಾಯವೇ ಇಲ್ಲದೆ ಗಾಲಿಗಳ ಮೇಲೆ ನಿಂತಿರುವ ಮನೆಗಳಲ್ಲಿ ವರ್ಷದ ಹನ್ನೆರಡು ತಿಂಗಳೂ ಬಾಳುವ ಜನರಿದ್ದಾರೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂಥ ವಾಹನಕ್ಕೆ 'ರಿಕ್ರಿಯೇಷನಲ್ ವೆಹಿಕಲ್', ಚಿಕ್ಕದಾಗಿ ಆರ್.ವಿ. ಎನ್ನುತ್ತಾರೆ. ವಿಹಾರದ ವಾಹನ ಎಂದು ಅದರ ಅರ್ಥ. ವಿಹಾರಕ್ಕೆಂದು ಮಾಡಿದ ವಾಹನವನ್ನೇ ಕಾಯಂ ಮನೆ ಮಾಡಿಕೊಂಡವರನ್ನು ಅಲ್ಲಿ 'ಫುಲ್‌ಟೈಮರ್' ಎಂದು ಕರೆಯುತ್ತಾರೆ. ಅವರಿಗೆ ನೀರು ಎಲ್ಲಿಂದ ಬರುತ್ತದೆ? ಕೊಳಚೆ ಎಲ್ಲಿಗೆ ಹೋಗುತ್ತದೆ? ದೀಪ ಹೇಗೆ ಉರಿಯುತ್ತದೆ? ಕಾಗದ ಯಾವ ವಿಳಾಸಕ್ಕೆ ಬರುತ್ತದೆ? ಈ ಸಾಮಾನ್ಯ ಪ್ರಶ್ನೆಗಳನ್ನು ಹಿಡಿದು ಅವರ ಬದುಕನ್ನು ಇಂದು ನೋಡೋಣ.

ಈ ಕಲ್ಪನೆ ತೀರ ಹೊಸದೇನಲ್ಲ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟಿಷ್ ವೈದ್ಯ ಲೇಖಕರು ಕುದುರೆಗಳು ಎಳೆಯುವ 'ವಾಂಡರರ್' ಎಂಬ ಮನೆಬಂಡಿಯನ್ನು ಮಾಡಿಸಿಕೊಂಡು ಬ್ರಿಟನ್ ಸುತ್ತಿದರು. ಮುಂದೆ ಕುದುರೆಯ ಜಾಗಕ್ಕೆ ಎಂಜಿನ್ ಬಂತು. ಅಮೆರಿಕದ ಅಯೋವ ರಾಜ್ಯದ ವಿನ್ನೆಬೇಗೊ ಕಂಪನಿ 1966ರಿಂದ ಇಂಥ ವಾಹನಗಳನ್ನು ಕಾರ್ಖಾನೆಯಲ್ಲಿ ಸಾಲಾಗಿ ತಯಾರಿಸತೊಡಗಿತು. ಇಂದು ಇವುಗಳಲ್ಲಿ ಹಲವು ಬಗೆಗಳಿವೆ. ತನ್ನದೇ ಎಂಜಿನ್ ಇರುವ ಬಸ್ಸಿನಂಥದು ಒಂದು. ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆದೊಯ್ಯುವ ಟ್ರೈಲರ್ ಇನ್ನೊಂದು. ವ್ಯಾನಿನೊಳಗೆ ಹಾಸಿಗೆ, ಒಲೆ ಜೋಡಿಸಿಕೊಂಡದ್ದು ಮತ್ತೊಂದು.

ಮೊದಲು ನೀರಿನ ಮಾತು. ಹಣವನ್ನು ಬೇಕಾಬಿಟ್ಟಿ ಚೆಲ್ಲುವವನನ್ನು ಕಂಡು 'ನೀರಿನಂತೆ ಖರ್ಚು ಮಾಡುತ್ತಾನೆ' ಎನ್ನುತ್ತೇವೆ. ಗಾಲಿಮನೆಯಲ್ಲಿ ಈ ಮಾತು ನಡೆಯುವುದಿಲ್ಲ. 150 ಲೀಟರ್ ಹಿಡಿಯುವ ಒಂದು ಟ್ಯಾಂಕನ್ನು ಉದಾಹರಣೆಗೆ ತೆಗೆದುಕೊಳ್ಳಿ. ಷವರಿನಿಂದ ನಿಮಿಷಕ್ಕೆ 8 ಲೀಟರ್ ನೀರು ಬಿದ್ದರೆ ಹತ್ತು ನಿಮಿಷದ ಒಂದು ಸ್ನಾನಕ್ಕೆ 80 ಲೀಟರ್ ಬೇಕು. ಎರಡನೆಯವರ ಸ್ನಾನ ಮುಗಿಯುವ ಮೊದಲೇ ಟ್ಯಾಂಕು ಬರಿದು! ಆದ್ದರಿಂದ ಅವರು ಮೈ ನೆನೆಸಿ ನಲ್ಲಿ ನಿಲ್ಲಿಸುತ್ತಾರೆ, ಸೋಪು ಹಚ್ಚಿಕೊಳ್ಳುತ್ತಾರೆ, ಮತ್ತೆ ನಲ್ಲಿ ತಿರುಗಿಸಿ ತೊಳೆದುಕೊಳ್ಳುತ್ತಾರೆ. ಒಂದು ಬಕೆಟ್ ನೀರಿನಲ್ಲಿ ಸ್ನಾನ ಮುಗಿಸುವ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ನಲ್ಲಿ ತಿರುಗಿಸಿದರೆ ನೀರು ಬಂದೇ ಬರುತ್ತದೆಂದು ನಂಬಿ ಬೆಳೆದವರಿಗೆ ಇದು ಹೊಸ ಪಾಠ.

ಬಂದ ನೀರು ಹೋಗಲೂ ಬೇಕಷ್ಟೆ. ವಾಹನದ ತಳದಲ್ಲಿ ಸಾಮಾನ್ಯವಾಗಿ ಎರಡು ಬೇರೆ ಟ್ಯಾಂಕುಗಳಿರುತ್ತವೆ. ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು ಸೇರುವುದು 'ಗ್ರೇ' ಟ್ಯಾಂಕಿಗೆ; ಶೌಚದ ಕೊಳಚೆ ಸೇರುವುದು 'ಬ್ಲ್ಯಾಕ್' ಟ್ಯಾಂಕಿಗೆ. ಇವನ್ನು ಎಲ್ಲೆಂದರಲ್ಲಿ ಬಿಡುವಂತಿಲ್ಲ. ಅದಕ್ಕೆಂದೇ ಏರ್ಪಡಿಸಿದ ಸ್ಥಳಗಳಲ್ಲಿ ಖಾಲಿ ಮಾಡಬೇಕು. ಅದಕ್ಕೂ ಒಂದು ಕ್ರಮವಿದೆ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಹಿಂದಿನಿಂದ ಬರುವ ಸೋಪಿನ ನೀರು ಕೊಳವೆಯನ್ನು ತೊಳೆದುಕೊಂಡು ಹೋಗಲಿ ಎಂಬುದು ಇದರ ಮರ್ಮ. ಇನ್ನೊಂದು ಎಚ್ಚರಿಕೆಯೂ ಇದೆ. ಬ್ಲ್ಯಾಕ್ ಟ್ಯಾಂಕಿನ ಬಾಯಿಯನ್ನು ಸದಾ ತೆರೆದಿಟ್ಟರೆ ದ್ರವವೆಲ್ಲ ಹರಿದುಹೋಗಿ ಗಟ್ಟಿ ಪದಾರ್ಥ ಒಳಗೆ ಒಣಗಿ ಗುಡ್ಡೆಯಾಗುತ್ತದೆ. ಆದುದರಿಂದ ಅದು ಸಾಕಷ್ಟು ತುಂಬುವವರೆಗೆ ಮುಚ್ಚಿಟ್ಟು, ಅನಂತರ ಒಮ್ಮೆಲೇ ಬಿಡುತ್ತಾರೆ. ಕುಡಿಯುವ ನೀರಿನ ಕೊಳವೆಯೇ ಬೇರೆ, ಕೊಳಚೆಯ ಕೊಳವೆಯೇ ಬೇರೆ. ಕೇಳಲು ಹಿತವಾದ ವಿಷಯವಲ್ಲ, ನಿಜ. ಆದರೆ ಪಟ್ಟಣದಲ್ಲಿ ಇದೇ ಕೆಲಸವನ್ನು ಯಾರೋ ನಮಗಾಗಿ ಮಾಡುತ್ತಿರುತ್ತಾರೆ ಎಂಬುದನ್ನು ನಾವು ಮರೆತಿರುತ್ತೇವೆ. ಗಾಲಿಮನೆಯವನು ಮರೆಯುವಂತಿಲ್ಲ.

ಇನ್ನು ವಿದ್ಯುತ್ತು. ಇಲ್ಲಿ ನಿಮ್ಮ ಭೌತಶಾಸ್ತ್ರದ ಪಾಠ ನೇರವಾಗಿ ಕೆಲಸಕ್ಕೆ ಬರುತ್ತದೆ. ಅಮೆರಿಕದ ವಿದ್ಯುತ್ತು 120 ವೋಲ್ಟಿನದು. ತಂಗುದಾಣದ ಕಂಬದಿಂದ 30 ಆಂಪಿಯರ್ ದೊರೆತರೆ, ಗುಣಿಸಿ ನೋಡಿ, 3600 ವ್ಯಾಟ್. ಸುಮಾರು 1500 ವ್ಯಾಟಿನ ಏರ್ ಕಂಡಿಷನರ್ ನಡೆಯುತ್ತಿರುವಾಗ 1400 ವ್ಯಾಟಿನ ನೀರು ಕಾಯಿಸುವ ಯಂತ್ರವನ್ನೂ ಹಾಕಿ, ಮೇಲೆ ತಲೆಗೂದಲು ಒಣಗಿಸುವ 1500 ವ್ಯಾಟಿನ ಯಂತ್ರವನ್ನೂ ಹಚ್ಚಿದರೆ ಒಟ್ಟು 4400 ವ್ಯಾಟ್. ಮನೆಯೆಲ್ಲ ಕತ್ತಲೆ! ಕಂಬವೇ ಇಲ್ಲದ ಮರುಭೂಮಿಯಲ್ಲಿ ನಿಂತಾಗ ಲೆಕ್ಕ ಇನ್ನೂ ಬಿಗಿ. 12 ವೋಲ್ಟ್, 100 ಆಂಪಿಯರ್-ಅವರ್‌ನ ಬ್ಯಾಟರಿಯಲ್ಲಿ 1200 ವ್ಯಾಟ್-ಅವರ್ ಶಕ್ತಿಯಿದೆ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡುತ್ತ ಹೋದರೆ ಅದರ ಆಯುಸ್ಸು ಕುಗ್ಗುತ್ತದೆ. ಹಾಗಾಗಿ ಕೈಗೆ ಸಿಗುವುದು 600. ಅದರಲ್ಲಿ 60 ವ್ಯಾಟಿನ ಫ್ಯಾನು ಹತ್ತು ಗಂಟೆ ತಿರುಗುತ್ತದೆ. ಮೇಲೆ ಹೇಳಿದ ಏರ್ ಕಂಡಿಷನರ್ ಹೆಚ್ಚೆಂದರೆ 24 ನಿಮಿಷ. ಈಗ ಚಾವಣಿಯ ಮೇಲೆ ಸೌರಫಲಕ, ಒಳಗೆ ಲಿಥಿಯಂ ಬ್ಯಾಟರಿ ಬಂದು ಅನುಕೂಲ ಹೆಚ್ಚಿದೆ. ಆದರೂ 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ನಿಯಮ ಬದಲಾಗಿಲ್ಲ.

ಅಡುಗೆಗೆ, ಚಳಿಯಲ್ಲಿ ಕೋಣೆ ಬೆಚ್ಚಗಿಡಲು ಪ್ರೊಪೇನ್ ಅನಿಲ ಬಳಸುತ್ತಾರೆ. ನಮ್ಮ ಅಡುಗೆ ಸಿಲಿಂಡರಿನಲ್ಲಿ ಪ್ರೊಪೇನಿನ ಜೊತೆ ಬ್ಯೂಟೇನ್ ಕೂಡ ಇರುತ್ತದೆ. ಹಿಮ ಬೀಳುವ ನಾಡಿನಲ್ಲಿ ಬ್ಯೂಟೇನ್ ನಡೆಯದು. ಸೊನ್ನೆ ಡಿಗ್ರಿಯ ಹತ್ತಿರ ಅದು ಅನಿಲವಾಗದೆ ದ್ರವವಾಗಿಯೇ ಉಳಿಯುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ. ಹಲವು ವಾಹನಗಳಲ್ಲಿ ಫ್ರಿಜ್ಜು ಕೂಡ ಇದೇ ಅನಿಲದ ಜ್ವಾಲೆಯಿಂದ ನಡೆಯುತ್ತದೆ. ಬೆಂಕಿಯಿಂದ ತಂಪೇ ಎಂದು ನಗಬೇಡಿ. 1922ರಲ್ಲಿ ಸ್ವೀಡನ್ನಿನ ಬಾಲ್ಟ್ಸರ್ ವಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಂಡುಹಿಡಿದ ಉಪಾಯವಿದು. ಜ್ವಾಲೆಯ ಶಾಖದಿಂದ ನೀರಿನಲ್ಲಿ ಕರಗಿದ ಅಮೋನಿಯ ಹೊರಬರುತ್ತದೆ; ಅದು ತಣಿದು ದ್ರವವಾಗಿ, ಮುಂದೆ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಇದರ ದ್ರವಗಳು ತಮ್ಮ ತೂಕದಿಂದಲೇ ಹರಿಯಬೇಕಾದ್ದರಿಂದ ವಾಹನವನ್ನು ಸಮತಟ್ಟಾಗಿ ನಿಲ್ಲಿಸಬೇಕಾಗುತ್ತದೆ.

ಅನಿಲದ ಅಪಾಯಗಳನ್ನೂ ತಿಳಿದಿರಬೇಕು. ಪ್ರೊಪೇನ್ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಅದಕ್ಕಾಗಿಯೇ ಅದನ್ನು ಪತ್ತೆಹಚ್ಚುವ ಯಂತ್ರವನ್ನು ನೆಲದ ಸಮೀಪ ಇಟ್ಟಿರುತ್ತಾರೆ. ಗಾಳಿ ಸಾಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳದಿರಬಹುದು. ಇನ್ನೊಂದು ಸಂಗತಿ ಉಂಟು. 44 ಗ್ರಾಂ ಪ್ರೊಪೇನ್ ಪೂರ್ತಿ ಉರಿದರೆ 72 ಗ್ರಾಂ ನೀರು ಹುಟ್ಟುತ್ತದೆ. ರಸಾಯನಶಾಸ್ತ್ರ ಓದುವವರು ಸಮೀಕರಣ ಬರೆದು ತಾಳೆ ನೋಡಬಹುದು. ಹೊಗೆಕೊಳವೆಯಿಲ್ಲದ ಒಲೆ ಉರಿಸಿದರೆ ಈ ಆವಿಯೆಲ್ಲ ಚಿಕ್ಕ ಕೋಣೆಯ ತಣ್ಣನೆಯ ಗೋಡೆಗೆ ತಾಗಿ ಹನಿಯಾಗುತ್ತದೆ, ಹಾಸಿಗೆಯ ಅಡಿಗೆ ಬೂಷ್ಟು ಹಿಡಿಯುತ್ತದೆ. ಚಳಿಗೆ ಅಂಜಿ ಕಿಟಕಿಯನ್ನು ಪೂರ್ತಿ ಮುಚ್ಚಿಕೊಂಡವನು ಈ ಎರಡು ಕಷ್ಟಗಳನ್ನೂ ಒಟ್ಟಿಗೆ ಬರಮಾಡಿಕೊಳ್ಳುತ್ತಾನೆ.

ಹೀಗಾಗಿ ಬಹಳ ಮಂದಿ ಚಳಿಯೊಡನೆ ಸೆಣಸದೆ ಹಕ್ಕಿಗಳಂತೆ ವಲಸೆ ಹೋಗುತ್ತಾರೆ. ಬೇಸಗೆಯಲ್ಲಿ ಉತ್ತರಕ್ಕೆ ಅಥವಾ ಬೆಟ್ಟಕ್ಕೆ, ಚಳಿಗಾಲದಲ್ಲಿ ದಕ್ಷಿಣಕ್ಕೆ. ಅರಿಜೋನ ರಾಜ್ಯದ ಕ್ವಾರ್ಟ್ಸ್‌ಸೈಟ್ ಎಂಬ ಮರುಭೂಮಿಯ ಪುಟ್ಟ ಊರಿನ ಸುತ್ತ ಚಳಿಗಾಲದಲ್ಲಿ ಗಾಲಿಮನೆಗಳ ದೊಡ್ಡ ಜಾತ್ರೆಯೇ ನೆರೆಯುತ್ತದೆ. ಅಲ್ಲಿನ ಸರ್ಕಾರಿ ಭೂಮಿಯಲ್ಲಿ ಶುಲ್ಕ ಕಟ್ಟಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ತಂಗಲು ಅವಕಾಶವಿದೆ. ಇತರ ಸರ್ಕಾರಿ ಬಯಲುಗಳಲ್ಲಿ ಸಾಮಾನ್ಯವಾಗಿ 14 ದಿನಗಳ ಮಿತಿ; ಅನಂತರ ಜಾಗ ಬದಲಿಸಲೇಬೇಕು.

ಹೊರಡುವ ಮುನ್ನ ತೂಕ ನೋಡಬೇಕು. 150 ಲೀಟರ್ ನೀರೆಂದರೆ 150 ಕಿಲೋಗ್ರಾಂ. ಪುಸ್ತಕ, ಪಾತ್ರೆ, ಬಟ್ಟೆ ಎಲ್ಲವೂ ಟೈರಿನ ಮೇಲಿನ ಭಾರವೇ. ಒಂದು ಹೊಸ ವಸ್ತು ಒಳಗೆ ಬಂದರೆ ಹಳೆಯದೊಂದು ಹೊರಗೆ ಹೋಗಬೇಕೆಂದು ಅನೇಕರು ಕಟ್ಟಳೆ ಮಾಡಿಕೊಂಡಿರುತ್ತಾರೆ.

ಮಿತ್ರರೇ, ಇವೆಲ್ಲ ಜಾಣತನದಿಂದ ನಿಭಾಯಿಸಬಹುದಾದ ಕಷ್ಟಗಳು. ಆದರೆ ಸುಲಭವಾಗಿ ಬಗೆಹರಿಯದ ಒಂದು ಪ್ರಶ್ನೆಯಿದೆ. ಅದು ವಿಳಾಸದ ಪ್ರಶ್ನೆ. ಚಾಲನಾ ಪರವಾನಗಿ, ವಿಮೆ, ಬ್ಯಾಂಕು, ತೆರಿಗೆ, ಮತದಾನ, ಇವೆಲ್ಲಕ್ಕೂ 'ನಿನ್ನ ಮನೆ ಎಲ್ಲಿ?' ಎಂಬ ಪ್ರಶ್ನೆಗೆ ಉತ್ತರ ಬೇಕು. ಮಕ್ಕಳ ಓದು ಕೂಡ ಇದಕ್ಕೇ ಅಂಟಿಕೊಂಡಿದೆ. ಮನೆಯಲ್ಲೇ ಪಾಠ ಹೇಳಿಕೊಡಲು ಐವತ್ತು ರಾಜ್ಯಗಳಲ್ಲೂ ಅನುಮತಿಯಿದ್ದರೂ ನಿಯಮ ಮಾತ್ರ ರಾಜ್ಯಕ್ಕೊಂದು ಬಗೆ. ಕಾಯಿಲೆ ಬಿದ್ದರೆ ವಿಮೆಯ ಆಸ್ಪತ್ರೆ ಸಾವಿರ ಮೈಲಿ ದೂರದಲ್ಲಿ ಇರಬಹುದು.

ಇದಕ್ಕೆ ಅವರೇ ಕೆಲವು ದಾರಿಗಳನ್ನು ಕಂಡುಕೊಂಡಿದ್ದಾರೆ. 1978ರಲ್ಲಿ ಜೋ ಮತ್ತು ಕೇ ಪೀಟರ್ಸನ್ ದಂಪತಿಗಳು 'ಎಸ್ಕೇಪೀಸ್' ಎಂಬ ಸಂಘ ಸ್ಥಾಪಿಸಿದರು. ಟೆಕ್ಸಸ್ ರಾಜ್ಯದ ಲಿವಿಂಗ್‌ಸ್ಟನ್ ಊರಿನಲ್ಲಿ ಅದು ಸದಸ್ಯರ ಟಪಾಲನ್ನು ಸ್ವೀಕರಿಸಿ, ಅವರು ಇದ್ದಲ್ಲಿಗೆ ಕಳುಹಿಸುತ್ತದೆ. ವಯಸ್ಸಾಗಿ, ಕಾಯಿಲೆ ಬಿದ್ದು ಪ್ರಯಾಣ ಮಾಡಲಾಗದ ಸದಸ್ಯರು ತಮ್ಮ ಗಾಲಿಮನೆಯಲ್ಲೇ ಇದ್ದುಕೊಂಡು ಆರೈಕೆ ಪಡೆಯುವ ವ್ಯವಸ್ಥೆಯೂ ಅಲ್ಲುಂಟು. ಸೌತ್ ಡಕೋಟ ರಾಜ್ಯದಲ್ಲಿ ಒಂದು ರಾತ್ರಿ ತಂಗಿದ ರಸೀದಿ ತೋರಿಸಿ ಇಂಥವರು ಚಾಲನಾ ಪರವಾನಗಿ ಪಡೆಯಬಹುದು. ಆದರೆ ಮತದಾರರ ಪಟ್ಟಿಗೆ ಸೇರಲು 30 ದಿನ ಅಲ್ಲಿ ವಾಸವಿರಬೇಕೆಂದು 2023ರಲ್ಲಿ ಆ ರಾಜ್ಯ ಕಾನೂನು ಬಿಗಿಗೊಳಿಸಿತು. ಎಲ್ಲಿಯೂ ನೆಲೆಸದವನು ಯಾವ ಊರಿನ ಆಗುಹೋಗುಗಳಿಗೆ ಮತ ಹಾಕಬೇಕು? ಎರಡೂ ಕಡೆ ನ್ಯಾಯವಿರುವ ಪ್ರಶ್ನೆ ಇದು.

ಇನ್ನೊಂದು ಮಾತನ್ನು ಮರೆಯಬಾರದು. ಇವರೆಲ್ಲ ಊರು ಸುತ್ತುವ ಆಸೆಯಿಂದ ಹೊರಟವರಲ್ಲ. 2008ರ ಆರ್ಥಿಕ ಕುಸಿತದಲ್ಲಿ ಮನೆ, ಉಳಿತಾಯ ಕಳೆದುಕೊಂಡ ಹಲವು ವೃದ್ಧರು ಬಾಡಿಗೆ ಕಟ್ಟಲಾರದೆ ಗಾಲಿಮನೆ ಸೇರಿದರು. ಶರತ್ಕಾಲದಲ್ಲಿ ಉತ್ತರದ ಹೊಲಗಳಲ್ಲಿ ಸಕ್ಕರೆ ಬೀಟ್ ಕೊಯ್ಲು, ಹಬ್ಬದ ದಿನಗಳಲ್ಲಿ ಉಗ್ರಾಣದ ಕೆಲಸ, ಬೇಸಗೆಯಲ್ಲಿ ತಂಗುದಾಣದ ಮೇಲ್ವಿಚಾರಣೆ ಹೀಗೆ ಕೆಲಸವಿದ್ದಲ್ಲಿಗೆ ಅವರು ಮನೆಯನ್ನೇ ಒಯ್ಯುತ್ತಾರೆ. ಜೆಸ್ಸಿಕಾ ಬ್ರೂಡರ್ 2017ರಲ್ಲಿ ಬರೆದ 'ನೊಮ್ಯಾಡ್‌ಲ್ಯಾಂಡ್' ಪುಸ್ತಕ ಇಂಥವರ ಬದುಕನ್ನು ದಾಖಲಿಸಿದೆ. ಅದನ್ನು ಆಧರಿಸಿ ಕ್ಲೋಯಿ ಝಾವ್ ನಿರ್ದೇಶಿಸಿದ ಚಿತ್ರಕ್ಕೆ 2021ರಲ್ಲಿ ಆಸ್ಕರ್ ಪ್ರಶಸ್ತಿಯೂ ಬಂತು.

ಕಾನೂನಿನ ನೋಟವೂ ಒಂದೇ ಸಮನಾಗಿಲ್ಲ. ವಾಹನವನ್ನು ವಾಸಕ್ಕೆ ಬಳಸಬಾರದೆಂಬ ಲಾಸ್ ಏಂಜಲೀಸ್ ನಗರದ ನಿಯಮ ತೀರ ಅಸ್ಪಷ್ಟವಾಗಿದೆಯೆಂದು 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2024ರಲ್ಲಿ ಸುಪ್ರೀಂ ಕೋರ್ಟು, ಮನೆಯಿಲ್ಲದವರು ಸಾರ್ವಜನಿಕ ಸ್ಥಳದಲ್ಲಿ ಬಿಡಾರ ಹೂಡುವುದನ್ನು ನಗರಗಳು ಶಿಕ್ಷಾರ್ಹಗೊಳಿಸಬಹುದೆಂದು ತೀರ್ಪಿತ್ತಿತು. ಒಂದೇ ಬಗೆಯ ಎರಡು ವಾಹನಗಳು ಅಕ್ಕಪಕ್ಕ ನಿಂತಿವೆ ಎನ್ನಿ. ಒಂದರಲ್ಲಿರುವವರು ತಿಂಗಳ ಪಿಂಚಣಿ ಪಡೆದು ಪ್ರವಾಸ ಹೊರಟವರು; ಇನ್ನೊಂದರಲ್ಲಿರುವವರಿಗೆ ಮರಳಲು ಬೇರೆ ಮನೆಯೇ ಇಲ್ಲ. ನೀರು, ಬ್ಯಾಟರಿ, ಅನಿಲದ ಲೆಕ್ಕ ಇಬ್ಬರಿಗೂ ಒಂದೇ. ಆದರೆ ರಾತ್ರಿ ಯಾರಾದರೂ ಬಾಗಿಲು ತಟ್ಟಿ 'ಇಲ್ಲಿಂದ ಹೊರಡಿ' ಎಂದರೆ, ಆ ಮಾತು ಇಬ್ಬರಿಗೂ ಒಂದೇ ರೀತಿ ಕೇಳಿಸುವುದಿಲ್ಲ.

ಇಂದು ಸಂಜೆ ನೀವೊಂದು ಕೆಲಸ ಮಾಡಿ ನೋಡಿ. ನಿಮ್ಮ ಮನೆಗೆ ದಿನಕ್ಕೆ ಎಷ್ಟು ಲೀಟರ್ ನೀರು, ಎಷ್ಟು ವಿದ್ಯುತ್ತು ಬೇಕಾಗುತ್ತದೆಂದು ಲೆಕ್ಕ ಹಾಕಿ. ಆಮೇಲೆ ನಿಮ್ಮ ಕುಟುಂಬದ ಪಡಿತರ ಚೀಟಿ, ಶಾಲೆಯ ದಾಖಲೆ, ಬ್ಯಾಂಕಿನ ಪುಸ್ತಕ ತೆಗೆದು, ನಿಮ್ಮ ವಿಳಾಸ ಎಷ್ಟು ಕಡೆ ಬರೆದಿದೆ ಎಂದು ಎಣಿಸಿ. ಆ ಒಂದು ಸಾಲು ಅಳಿಸಿಹೋದರೆ ಏನೇನು ನಿಂತುಹೋಗುತ್ತದೆ ಎಂದು ಮನೆಯ ಹಿರಿಯರೊಡನೆ, ತರಗತಿಯಲ್ಲಿ ಗೆಳೆಯರೊಡನೆ ಚರ್ಚಿಸಿ.